ತಪ್ಪಾದ ಲೆಕ್ಕವನ್ನು ರಬ್ಬರಿನಿಂದ ಅಳಿಸಬೇಡಿ

ಮುಂಬೈ ಬಳಿಯ ಡೊಂಬಿವಲಿ, ಠಾಣೆ ಕಡೆಯ ಕನ್ನಡ ಪೋಷಕರೇ, ಉತ್ತರ ಪತ್ರಿಕೆಗಳು ಮನೆಗೆ ಬರುವ ಹೊತ್ತಿದು. ಅಂಕ ನೋಡಿ ಮುಖ ಸಪ್ಪೆಯಾದ ಮಗುವಿಗೆ ಕೂಡಲೇ ಸರಿಯುತ್ತರ ಹೇಳಿಕೊಡಬೇಡಿ. ತಪ್ಪಿದ ಲೆಕ್ಕ ಹಾಗೆಯೇ ಇರಲಿ. “ಎಲ್ಲಿಯವರೆಗೆ ಸರಿ ಬಂದಿದೆ?” ಎಂದಷ್ಟೇ ಕೇಳಿ. ಎಷ್ಟೋ ಸಲ ಒಂದೇ ಹಂತ ಜಾರಿರುತ್ತದೆ. ಅದು ತಾನಾಗಿ ಕಣ್ಣಿಗೆ ಬಿದ್ದರೆ ‘ನನಗೆ ಗಣಿತವೇ ಬರುವುದಿಲ್ಲ’ ಎಂಬ ಹಟ ಸಡಿಲವಾಗುತ್ತದೆ. ಎರಡು ಮೂರು ದಿನ ಬಿಟ್ಟು ಅದೇ ಲೆಕ್ಕವನ್ನು ಪುಸ್ತಕ ನೋಡದೆ ಮಾಡಿಸಿ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಬರೆದದ್ದು ಹೆಚ್ಚು ಕಾಲ ಉಳಿಯುತ್ತದೆಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ.

ನಮ್ಮ ಮಕ್ಕಳಿಗೆ ಮರಾಠಿ ಇನ್ನೊಂದು ತೊಡಕು. ಕುರ್ಚಿಗೊಂದು ಲಿಂಗ, ಪುಸ್ತಕಕ್ಕೆ ಇನ್ನೊಂದು! ಕನ್ನಡದ ಮನೆಯ ಮಗು ಎಡವುವುದು ಸಹಜ. ನೆರೆಮನೆಯ ಆಜಿಯೊಂದಿಗೆ ತಪ್ಪುತಪ್ಪಾಗಿಯೇ ಮಾತನಾಡಲಿ, ನಡುವೆ ಬಾಯಿ ಹಾಕಬೇಡಿ.

ಲೆಕ್ಕದಲ್ಲಿ ಬಹಳ ಹೊತ್ತು ತಿಣುಕಿಯೂ ದಾರಿ ಕಾಣದಿದ್ದರೆ ಒಂದು ಸುಳಿವು ಕೊಡಿ. ಅಳುವವರೆಗೆ ಕೂರಿಸಿದರೆ ಆ ವಿಷಯವೇ ಬೇಡವಾಗುತ್ತದೆ. ಬಿಡಿಸಿದಾಗ “ಜಾಣ” ಎನ್ನುವ ಬದಲು “ಬೇರೆ ದಾರಿ ಹುಡುಕಿದೆಯಲ್ಲ” ಎನ್ನಿ. ಟ್ಯೂಷನ್ ಶಿಕ್ಷಕರಿಗೂ ಇದನ್ನು ತಿಳಿಸಿಬಿಡಿ, ಇಲ್ಲದಿದ್ದರೆ ಅವರು ಉತ್ತರ ಬರೆಯಿಸಿಯೇ ಕಳುಹಿಸುತ್ತಾರೆ.