ಟ್ರ್ಯಾಕಿಗೆಂದು ಕಾರಿನ ಭಾರ ಇಳಿಸುವುದು: ಇ46 330ಐ ಬಿಚ್ಚುವ ಕ್ರಮ

ಬಿಎಂಡಬ್ಲ್ಯುವಿನ ಇ46 ತಲೆಮಾರಿನ 330ಐ ಸೆಡಾನ್ ಹೆಚ್ಚುಕಡಿಮೆ 1,500 ಕೆಜಿ ತೂಗುತ್ತದೆ. ಅದರ ಎಂ54 ಇಂಜಿನ್ ಕೊಡುವುದು 231 ಅಶ್ವಶಕ್ತಿ. ಅಂದರೆ ಟನ್ನಿಗೆ 154. ಇದೇ ಕಾರಿನಿಂದ 150 ಕೆಜಿ ಇಳಿಸಿದರೆ ಟನ್ನಿಗೆ 171 ಆಗುತ್ತದೆ. ತೂಕ ಮುಟ್ಟದೆ ಇದೇ ಅನುಪಾತ ಬೇಕೆಂದರೆ ಇಂಜಿನ್ನಿನಿಂದ ಇನ್ನೂ 26 ಅಶ್ವಶಕ್ತಿ ಹಿಂಡಬೇಕು. ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಅದು ಜೇಬಿಗೆ ದೊಡ್ಡ ತೂತು. ಮೇಲಾಗಿ ಹೆಚ್ಚಿದ ಶಕ್ತಿಯಿಂದ ಬ್ರೇಕಿಗೆ ಕಷ್ಟವೇ ಹೊರತು ಉಪಕಾರವಿಲ್ಲ. ಗಂಟೆಗೆ 180 ಕಿಮೀ ವೇಗದಿಂದ 80ಕ್ಕೆ ಇಳಿಯುವಾಗ ಕಾರಿನ ಪ್ರತಿ ಕೆಜಿ ತೂಕಕ್ಕೂ ಸುಮಾರು 1 ಕಿಲೋಜೌಲ್ ಶಾಖವನ್ನು ಬ್ರೇಕು ನುಂಗಬೇಕು. 150 ಕೆಜಿ ಇಲ್ಲದಿದ್ದರೆ ಪ್ರತಿ ತಿರುವಿನ ಮುಂಚೆಯೂ 150 ಕಿಲೋಜೌಲ್ ಕಡಿಮೆ. ಪ್ಯಾಡ್, ಡಿಸ್ಕ್, ಟೈರ್ ಮೂರೂ ಹೆಚ್ಚು ಬಾಳುತ್ತವೆ.

ಹಾಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತೆಸೆಯುವ ಕೆಲಸವಲ್ಲ ಇದು. ಎತ್ತರದಲ್ಲಿರುವ ತೂಕ, ಕಾರಿನ ಎರಡು ತುದಿಗಳಲ್ಲಿರುವ ತೂಕ ಮತ್ತು ಚಕ್ರದ ಜೊತೆ ತಿರುಗುವ ತೂಕ ಇಳಿದಷ್ಟೂ ಲಾಭ. ನೆಲಮಟ್ಟದಲ್ಲಿ, ಕಾರಿನ ನಡುಭಾಗದಲ್ಲಿ ಇರುವ ತೂಕಕ್ಕೆ ಅಷ್ಟು ಆತುರ ಬೇಡ.

ರಸ್ತೆಗೆ ಮರಳುತ್ತದೆಯೇ?

ಮೊದಲು ಇದನ್ನು ತೀರ್ಮಾನಿಸಿ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಹಿಂದಿನ ಸೀಟು, ಏರ್‌ಬ್ಯಾಗ್ ಇಲ್ಲದ ಕಾರಿನಲ್ಲಿ ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಓಡಿಸಿಕೊಂಡು ಹೋದರೆ, ದಾರಿಯಲ್ಲಿ ಅಪಘಾತವಾದ ದಿನ ವಿಮೆಯವರ ಮುಂದೆ ಉತ್ತರವಿರುವುದಿಲ್ಲ. ಪೂರ್ತಿ ಬಿಚ್ಚಿದ ಕಾರು ಫ್ಲಾಟ್‌ಬೆಡ್ ಮೇಲೆಯೇ ಹೋಗಲಿ. ಜರ್ಮನಿಯಲ್ಲಿರುವ ಕನ್ನಡಿಗರಿಗೂ ಒಂದು ಮಾತು: ನ್ಯೂರ್ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆಯಲ್ಲಿ ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ರಸ್ತೆಗೆ ಅರ್ಹವಾದ, ನೋಂದಾಯಿತ ಕಾರೇ ಬೇಕು. ಅಲ್ಲಿ ಸೀಟು ಬದಲಿಸಿದ್ದಕ್ಕೂ ದಾಖಲೆ ಕೇಳುತ್ತಾರೆ.

ಕಾರು ರಸ್ತೆಗೂ ಬೇಕೆಂದರೆ ಮುಂದಿನ ಭಾಗದಲ್ಲಿ ಹೇಳಿರುವ, ಟ್ರ್ಯಾಕ್ ದಿನ ತೆಗೆದು ಸಂಜೆ ಮತ್ತೆ ಹಾಕುವ ಸಾಮಾನುಗಳಿಗೆ ನಿಲ್ಲಿಸಿ.

ತಕ್ಕಡಿ, ಆಮೇಲೆ ಸ್ಪ್ಯಾನರ್

ಬಿಚ್ಚುವ ಮುನ್ನ ಕಾರನ್ನು ತೂಗಿ. ಲಾರಿ ತೂಗುವ ವೇ ಬ್ರಿಡ್ಜ್ ನಡೆಯುತ್ತದೆ, ಆದರೆ ಅದು 5 ಅಥವಾ 10 ಕೆಜಿಗೊಂದು ಹೆಜ್ಜೆ ಹಾಕುತ್ತದೆ. ಒಟ್ಟು ತೂಕಕ್ಕೂ ಮುಂದಿನ, ಹಿಂದಿನ ಆಕ್ಸಲ್ ಲೆಕ್ಕಕ್ಕೂ ಅಷ್ಟು ಸಾಕು, ಬಿಡಿಭಾಗಕ್ಕಲ್ಲ. ಬಿಚ್ಚಿದ ಒಂದೊಂದು ವಸ್ತುವನ್ನೂ ಬೇರೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕೆಳಗಿನ ಅಂಕಿಗಳು ಅಂದಾಜು. ಮಾದರಿ ವರ್ಷ ಮತ್ತು ಆಪ್ಷನ್‌ಗಳ ಮೇಲೆ ಎರಡು ಮೂರು ಕೆಜಿ ಆಚೀಚೆ ಆಗುತ್ತವೆ.

ಸ್ಟೆಪ್ನಿ, ಜಾಕ್, ಟೂಲ್ ಕಿಟ್ ಮತ್ತು ಡಿಕ್ಕಿಯ ಮ್ಯಾಟು ಸೇರಿ 20ರಿಂದ 25 ಕೆಜಿ. ಹತ್ತು ನಿಮಿಷದ ಕೆಲಸ. ಪೆಟ್ರೋಲು ಲೀಟರಿಗೆ ಸುಮಾರು 0.75 ಕೆಜಿ, ಟ್ಯಾಂಕು 63 ಲೀಟರಿನದು. ಅರ್ಧ ಖಾಲಿ ಇಟ್ಟರೆ ಸುಮಾರು 24 ಕೆಜಿ ಉಳಿಯಿತು. ಅದಕ್ಕಿಂತ ಕೆಳಗೆ ಹೋಗಬೇಡಿ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಾಯಲೆಂದು ಇ46ರ ಟ್ಯಾಂಕಿಗೆ ಎಡಬಲ ಎರಡು ಹೊಟ್ಟೆಗಳಿವೆ, ಪಂಪು ಇರುವುದು ಬಲಗಡೆ. ಉದ್ದನೆಯ ಬಲತಿರುವಿನಲ್ಲಿ ಪೆಟ್ರೋಲೆಲ್ಲ ಎಡಕ್ಕೆ ಜಾರಿ ಪಂಪು ಗಾಳಿ ಹೀರುತ್ತದೆ, ಇಂಜಿನ್ ಮುಗ್ಗರಿಸುತ್ತದೆ. ಇಲ್ಲಿನ ಇರುಂಗಾಟ್ಟುಕೋಟ್ಟೈ, ದೆಹಲಿ ಬಳಿಯ ಬುದ್ಧ್ ಟ್ರ್ಯಾಕುಗಳಲ್ಲಿ ಗಡಿಯಾರದ ದಿಕ್ಕಿನಲ್ಲೇ ಓಡುವುದರಿಂದ ಈ ತೊಂದರೆ ಬೇಗ ತಲೆ ಎತ್ತುತ್ತದೆ.

ಓಡಿಸುವವರ ಹೊಟ್ಟೆಯ ತೂಕವೂ ಇದೇ ಲೆಕ್ಕದಲ್ಲಿ ಬರುತ್ತದೆ. ಅದನ್ನು ಇಳಿಸಲು ಬಿಡಿಭಾಗದ ಖರ್ಚಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗೋಣ.

ಸೀಟುಗಳು ಮತ್ತು ಏರ್‌ಬ್ಯಾಗ್

ಕಾರಿನೊಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡಲ್ಲೆಲ್ಲ ಸಿಡಿಮದ್ದು ಇದೆ ಎಂದು ತಿಳಿಯಿರಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕನಿಷ್ಠ 15 ನಿಮಿಷ ಕಾದು, ಆಮೇಲೆ ಕೈ ಹಾಕಿ. ಇ46ರಲ್ಲಿ ಪಕ್ಕದ ಏರ್‌ಬ್ಯಾಗ್ ಸೀಟಿನಲ್ಲಿಲ್ಲ, ಬಾಗಿಲಿನ ಪ್ಯಾನಲ್ಲಿನ ಹಿಂದೆ ಇದೆ. ತಲೆಗೆ ರಕ್ಷಣೆ ಕೊಡುವ ಏರ್‌ಬ್ಯಾಗು ಮುಂದಿನ ಗಾಜಿನ ಪಕ್ಕದ ಕಂಬದಿಂದ (ಎ ಪಿಲ್ಲರ್) ಛಾವಣಿಯ ಅಂಚಿನುದ್ದಕ್ಕೂ ಮಡಚಿಕೊಂಡಿದೆ. ಪೂರ್ತಿ ರೋಲ್ ಕೇಜಿನ, ಅಂದರೆ ಕಾರು ಉರುಳಿದರೂ ಛಾವಣಿ ಕುಸಿಯದಂತೆ ಒಳಗೆ ಕಟ್ಟುವ ಪಂಜರದ, ಪೈಪು ಬರುವುದೂ ಅಲ್ಲಿಗೇ, ಹಾಗಾಗಿ ಕೇಜ್ ಹಾಕುವಾಗ ಅದನ್ನು ತೆಗೆಯಲೇಬೇಕು. ಏರ್‌ಬ್ಯಾಗಿನ ತಂತಿಗೆ ಮಲ್ಟಿಮೀಟರ್ ಹಚ್ಚಿ ಪರೀಕ್ಷಿಸಬೇಡಿ. ಮೀಟರಿನ ಸಣ್ಣ ಕರೆಂಟೂ ಅದನ್ನು ಸಿಡಿಸಬಹುದು. ಬಿಚ್ಚಿದ್ದನ್ನು ಮುಖ ಮೇಲೆ ಮಾಡಿ ಇಡಿ, ಗುಜರಿಗೆ ಹಾಗೇ ಹಾಕಬೇಡಿ.

ಒಂದು ಏರ್‌ಬ್ಯಾಗ್ ಅಥವಾ ಸೀಟಿನ ಸೆನ್ಸರ್ ತೆಗೆದ ಕೂಡಲೇ ಡ್ಯಾಶಿನಲ್ಲಿ ದೀಪ ಹತ್ತಿಕೊಳ್ಳುತ್ತದೆ. ಆ ದೀಪ ಉರಿಯುತ್ತಿರುವಾಗ ಸ್ಟಿಯರಿಂಗಿನ ಏರ್‌ಬ್ಯಾಗು ಸಮಯಕ್ಕೆ ಬಿಚ್ಚಿಕೊಳ್ಳುತ್ತದೆಂದು ನಂಬಿಕೊಳ್ಳಬೇಡಿ.

ಮೋಟಾರು, ಚರ್ಮದ ಹೊದಿಕೆ ಇರುವ ಮುಂದಿನ ಸೀಟು ಒಂದೊಂದೂ 25 ಕೆಜಿ ದಾಟುತ್ತದೆ. ಫೈಬರ್ ಬಕೆಟ್ ಸೀಟು, ಪಕ್ಕದ ಬ್ರಾಕೆಟ್ಟು, ತಳದ ಪಟ್ಟಿ ಎಲ್ಲ ಸೇರಿ 13ರಿಂದ 15 ಕೆಜಿ. ಸೀಟಿನ ಮೇಲೆ ಅಂತರರಾಷ್ಟ್ರೀಯ ರೇಸಿಂಗ್ ಸಂಸ್ಥೆ ಎಫ್‌ಐಎಯ 8855-1999 ಮಾನದಂಡದ ಚೀಟಿ ಇದ್ದರೆ ಅದರ ತಯಾರಿ ವರ್ಷ ನೋಡಿ, ಅವಧಿ 5 ವರ್ಷ. ಅಗ್ಗದ ನಕಲು ಸೀಟು ಹಗುರವಾಗಿಯೇ ಇರುತ್ತದೆ, ಬೆನ್ನು ಮುರಿಯುವುದೂ ಅಷ್ಟೇ ಹಗುರವಾಗಿ. ಬ್ರಾಕೆಟ್ ಉಕ್ಕಿನದಾದರೆ ಕನಿಷ್ಠ 3 ಮಿಮೀ, ಅಲ್ಯೂಮಿನಿಯಂ ಆದರೆ 5 ಮಿಮೀ ದಪ್ಪ ಬೇಕು. ಹೊಸದಾಗಿ ನೆಲಕ್ಕೆ ತೂತು ಕೊರೆದು ಕೂರಿಸುವುದಾದರೆ ತಗಡಿನ ಅಡಿಗೆ 3 ಮಿಮೀ ದಪ್ಪದ, 40 ಚದರ ಸೆಂಮೀಗೆ ಕಡಿಮೆಯಿಲ್ಲದ ಉಕ್ಕಿನ ಬಿಲ್ಲೆ ಕೊಡಿ. ಬರೀ ವಾಷರ್ ಹಾಕಿದ ಬೋಲ್ಟು ಅಪಘಾತದಲ್ಲಿ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಇ46ರಲ್ಲಿ ಸೀಟ್ ಬೆಲ್ಟಿನ ಬಕಲ್ ನೆಲಕ್ಕಲ್ಲ, ಸೀಟಿನ ಚೌಕಟ್ಟಿಗೇ ಕೂತಿದೆ. ಹಳೆ ಸೀಟು ಹೊರಹೋದರೆ ಬಕಲ್ಲೂ ಹೋಯಿತು. ಮೂರು ಬಿಂದುವಿನ ಬೆಲ್ಟನ್ನೇ ಇಟ್ಟುಕೊಳ್ಳುವುದಾದರೆ ಬಕಲ್ ಹಿಡಿಯಲು ಜಾಗವಿರುವ ತಳದ ಪಟ್ಟಿಯನ್ನೇ ಕೇಳಿ ತನ್ನಿ. ಎರಡೂ ಭುಜಗಳನ್ನು ಬಿಗಿಯುವ ರೇಸಿಂಗ್ ಬೆಲ್ಟಾದ ಹಾರ್ನೆಸ್ ಹಾಕುವುದಾದರೆ ಬಕೆಟ್ ಸೀಟು, ರೋಲ್ ಬಾರ್, ಕುತ್ತಿಗೆ ಕಾಯುವ ಹ್ಯಾನ್ಸ್ ಮೂರೂ ಒಟ್ಟಿಗೆ ಬರಬೇಕು. ಭುಜದ ಪಟ್ಟಿ ಭುಜದಿಂದ ಹಿಂದಕ್ಕೆ ಅಡ್ಡಸಮಕ್ಕಿಂತ 20 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯಬಾರದು. ಹಿಂದಿನ ಸೀಟಿನ ಬೆಲ್ಟಿನ ಬೋಲ್ಟಿಗೆ ಸಿಕ್ಕಿಸಿ ಕಡಿದಾಗಿ ಇಳಿಬಿಟ್ಟರೆ ಗುದ್ದಿದಾಗ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ.

ಹಿಂದಿನ ಸೀಟಿನ ಕೆಳಗೆ ಏನಿದೆ

ಹಿಂದಿನ ಸೀಟು, ಒರಗು, ಬೆಲ್ಟುಗಳು, ಗಾಜಿನ ಕೆಳಗಿನ ಹಲಗೆ ಸೇರಿ 25 ಕೆಜಿಯ ಆಸುಪಾಸು. ಕೂರುವ ಭಾಗ ಮುಂದಿನ ಅಂಚಿನಲ್ಲಿ ಕ್ಲಿಪ್ಪಿನ ಮೇಲೆ ಕೂತಿರುತ್ತದೆ, ಜೋರಾಗಿ ಮೇಲಕ್ಕೆಳೆದರೆ ಬರುತ್ತದೆ. ಅಡಿಯಲ್ಲಿ ಎಡಬಲ ಎರಡು ತಗಡಿನ ಮುಚ್ಚಳಗಳು ಕಾಣುತ್ತವೆ: ಬಲಗಡೆ ಪೆಟ್ರೋಲ್ ಪಂಪು, ಎಡಗಡೆ ಮಟ್ಟ ತೋರಿಸುವ ಸೆಂಡರ್. ಇವುಗಳ ಸೀಲು ಹಳೆಯದಾಗಿದ್ದರೆ ಬದಲಿಸಿ.

ಸೀಟು ಹೋದಮೇಲೆ ಡಿಕ್ಕಿಗೂ ಒಳಗಿಗೂ ನಡುವೆ ತೆರಪು ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟರೆ ಸೈಲೆನ್ಸರಿನ ಹೊಗೆ ಡಿಕ್ಕಿಯ ಹಳೆ ರಬ್ಬರು, ಟೇಲ್ ಲೈಟಿನ ಸಂದಿಗಳಿಂದ ನುಸುಳಿ ನೇರ ಚಾಲಕನ ಮೂಗಿಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ತಲೆನೋವು, ಮಂಪರು ಬಂದಾಗ ಬಿಸಿಲಿನದಿರಬೇಕು ಎಂದುಕೊಳ್ಳುವವರೇ ಹೆಚ್ಚು. ಬೆಂಕಿ ಹತ್ತಿದರೂ ಇದೇ ದಾರಿ. 1 ಮಿಮೀ ಅಲ್ಯೂಮಿನಿಯಂ ತಗಡಿನಿಂದ ರಟ್ಟಿನ ಅಚ್ಚು ಇಟ್ಟು ಗೋಡೆ ಕತ್ತರಿಸಿ, ಅಂಚಿಗೆ ಸೀಲಂಟ್ ಹಚ್ಚಿ ರಿವೆಟ್ ಹೊಡೆಯಿರಿ. ಎರಡು ಕೆಜಿ ವಾಪಸ್ ಸೇರುತ್ತದೆ, ಸೇರಲಿ.

ಕಾರ್ಪೆಟ್ಟು ಎತ್ತಿದಾಗ ಈ ಕಾರಿನ ಹೆಸರಾಂತ ಕಾಯಿಲೆಯನ್ನೂ ನೋಡಿಬಿಡಿ. ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಕೂತಿರುವ ಚೌಕಟ್ಟು) ಹಿಡಿದಿರುವ ನಾಲ್ಕು ಬಿಂದುಗಳ ಸುತ್ತ ನೆಲದ ತಗಡು ಸೀಳುತ್ತದೆ. ಡಿಕ್ಕಿಯ ನೆಲದಲ್ಲಿ ಸ್ಪಾಟ್ ವೆಲ್ಡುಗಳು ಕಿತ್ತು ಬಂದಿರುವುದು ಮೇಲಿನಿಂದ ಕಾಣಬಹುದು. ಉಳಿದದ್ದನ್ನು ಕಾರು ಎತ್ತಿ, ಅಂಡರ್‌ಕೋಟ್ ಕೆರೆದು ಕೆಳಗಿನಿಂದ ನೋಡಬೇಕು. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ, ಅದರ ಅಂಚಿಗೆ ತುಕ್ಕಿನ ಬಣ್ಣ ಕಂಡರೆ ತೂಕದ ಕೆಲಸ ಅಲ್ಲಿಗೆ ನಿಲ್ಲಿಸಿ. ಸಬ್‌ಫ್ರೇಮ್ ಇಳಿಸಿ, ಸೀಳಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ಮಾಡಿ, ವೆಲ್ಡ್ ಮಾಡಿ, ಮೇಲೆ ಬಲಪಡಿಸುವ ಪ್ಲೇಟು ಬೆಸೆಯಬೇಕು. ಪೆಟ್ರೋಲ್ ಟ್ಯಾಂಕು ಪಕ್ಕದಲ್ಲೇ ಇರುವುದರಿಂದ ಅದನ್ನು ಇಳಿಸದೆ ವೆಲ್ಡಿಂಗ್ ಕಿಡಿ ಹಾರಿಸಲು ಯಾರನ್ನೂ ಬಿಡಬೇಡಿ.

ಡಾಂಬರು ಹಾಳೆ ಮತ್ತು ಉಳಿದದ್ದು

ಕಾರ್ಪೆಟ್ಟು ಅಡಿಯ ಫೋಮಿನ ಸಮೇತ ನಿರೀಕ್ಷೆಗಿಂತ ಭಾರ. ಬಾಗಿಲ ಪ್ಯಾನಲ್ಲು, ಸ್ಪೀಕರು, ಆಂಪ್ಲಿಫೈಯರು, ಇತರ ಹೊದಿಕೆಗಳ ಜೊತೆ 35ರಿಂದ 40 ಕೆಜಿ ಇಳಿಯುತ್ತದೆ. ನೆಲಕ್ಕೆ ಅಂಟಿಸಿರುವ ಸದ್ದು ತಡೆಯುವ ಡಾಂಬರು ಹಾಳೆ 8ರಿಂದ 10 ಕೆಜಿ. ಪಟ್ಟ ಶ್ರಮಕ್ಕೆ ಅತಿ ಕಡಿಮೆ ಫಲ ಸಿಗುವ ಕೆಲಸ ಇದು, ಅದೂ ನೆಲಮಟ್ಟದ ತೂಕ. ಮಾಡಲೇಬೇಕೆಂದರೆ 6–8 ಕೆಜಿ ಡ್ರೈ ಐಸ್ (ಗಟ್ಟಿಗೊಳಿಸಿದ ಕಾರ್ಬನ್ ಡೈಆಕ್ಸೈಡು) ತಂದು, ಒಡೆದು, ಒಂದೊಂದು ಕಡೆ ಹರಡಿ ಹತ್ತು ಹದಿನೈದು ನಿಮಿಷ ಬಿಡಿ. ಹಾಳೆ ಗಾಜಿನಂತಾದಾಗ ಸುತ್ತಿಗೆಯಿಂದ ತಟ್ಟಿದರೆ ಚೂರುಚೂರಾಗಿ ಏಳುತ್ತದೆ. ದಪ್ಪ ಕೈಗವಸು ಹಾಕಿ, ನಾಲ್ಕೂ ಬಾಗಿಲು ತೆರೆದು, ಬಯಲಿನಲ್ಲಿ ಮಾಡಿ. ಕಾರ್ಬನ್ ಡೈಆಕ್ಸೈಡು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ನಿಲ್ಲುತ್ತದೆ, ನೀವು ಬಗ್ಗಿ ಉಸಿರಾಡುವುದೂ ಅಲ್ಲೇ. ತಗಡಿನ ಜೋಡಣೆಗೆ ಹಚ್ಚಿರುವ ಸೀಲರನ್ನು ಮಾತ್ರ ಕೆರೆಯಬೇಡಿ. ನೀರು ಒಳಬರದಂತೆ ತಡೆಯುವುದು ಅದೇ. ಬಣ್ಣ ಹೋದ ಕಡೆ ಪ್ರೈಮರ್ ಬಳಿಯಿರಿ.

ಏಸಿ ತೆಗೆಯುವುದು ಎಂ54ರಲ್ಲಿ ಸುಲಭ, ಕಂಪ್ರೆಸರಿಗೆ ಅದರದ್ದೇ ಬೇರೆ ಬೆಲ್ಟಿದೆ. ಆರ್‌134ಎ ಅನಿಲವನ್ನು ಏಸಿ ಅಂಗಡಿಯ ಯಂತ್ರದಲ್ಲಿ ಎಳೆಸಿದ ಮೇಲೆ ಕಂಪ್ರೆಸರ್, ಕಂಡೆನ್ಸರ್, ಪೈಪು ಇಳಿಸಿದರೆ 12–15 ಕೆಜಿ, ಅದೂ ಕಾರಿನ ಮೂತಿಯಿಂದ. ಬ್ಲೋವರ್ ಮತ್ತು ಹೀಟರನ್ನು ಬಿಡಿ. ಮಳೆಯಲ್ಲಿ ಗಾಜು ಮಂಜಾದರೆ ಒರೆಸುವುದು ಅದೊಂದೇ. ಮುಂದಿನ ಎಲೆಕ್ಟ್ರಿಕ್ ಫ್ಯಾನನ್ನೂ ಮುಟ್ಟಬೇಡಿ.

ಸನ್‌ರೂಫ್ ಇದ್ದರೆ ಅದೇ ಬಂಗಾರ. ಗಾಜು, ಮೋಟಾರು, ಚೌಕಟ್ಟು ಎಲ್ಲ ಸೇರಿ 20 ಕೆಜಿಯ ಹತ್ತಿರ, ಅಷ್ಟೂ ಚಾಲಕನ ತಲೆಯ ಮೇಲೆ. ಜೊತೆಗೆ ಹೆಲ್ಮೆಟ್ಟಿಗೆ ಜಾಗವೂ ಸಿಗುತ್ತದೆ. ತೆರಪಿಗೆ ಅಲ್ಯೂಮಿನಿಯಂ ಅಥವಾ ಕಾರ್ಬನ್ ಫಲಕವನ್ನು ರಚನಾತ್ಮಕ ಅಂಟಿನಿಂದ ಕೂರಿಸಿ, ಅಂಚಿಗೆ ರಿವೆಟ್ ಕೊಡಿ. ಬರೀ ಸಿಲಿಕಾನ್ ಹಚ್ಚಿದರೆ ವೇಗದಲ್ಲಿ ಗಾಳಿ ಎತ್ತಿಕೊಂಡು ಹೋಗುತ್ತದೆ.

ಚಕ್ರಕ್ಕೆ ಹಣ ಹಾಕುವುದಾದರೆ 17 ಇಂಚಿನ, 5x120 ಅಳತೆಯ (ಐದು ಬೋಲ್ಟು, 120 ಮಿಮೀ ವ್ಯಾಸದ ವೃತ್ತದಲ್ಲಿ), 8 ಕೆಜಿ ಆಸುಪಾಸಿನ ರಿಮ್ ಸಾಕು. 18ಕ್ಕೆ ಹೋದರೆ ನೋಟ ಹೆಚ್ಚು, ಭಾರವೂ ಹೆಚ್ಚು. ಹಿಂದಿನ ಸೈಲೆನ್ಸರಿನಿಂದ 10 ಕೆಜಿ ಇಳಿಸಬಹುದು, ಆದರೆ ಟ್ರ್ಯಾಕಿನ ಶಬ್ದಮಿತಿಯನ್ನು ಮೊದಲು ಕೇಳಿಕೊಳ್ಳಿ.

ಡಿಕ್ಕಿಯ ಬಲಮೂಲೆಯಲ್ಲಿರುವ ಬ್ಯಾಟರಿ 20 ಕೆಜಿಗೆ ಮೀರಿದ್ದು. ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ 15 ಕೆಜಿ ಉಳಿಯುತ್ತದೆ. ಅದನ್ನು ಬಾನೆಟ್ ಕೆಳಗೆ ತರಬೇಡಿ: ಅಲ್ಲಿನ ಬಿಸಿ ಲಿಥಿಯಂಗೆ ಆಗದು, ಮೂತಿಯೂ ಭಾರವಾಗುತ್ತದೆ. ಸಾಮಾನ್ಯ ಬ್ಯಾಟರಿಯನ್ನೇ ಉಳಿಸಿಕೊಂಡರೆ ಅನಿಲ ಹೊರಹೋಗುವ ಸಣ್ಣ ಕೊಳವೆಯನ್ನು ಮರೆಯದೆ ಸಿಕ್ಕಿಸಿ.

ಬಾಗಿಲೊಳಗಿನ ಅಡ್ಡ ತೊಲೆ, ಬಂಪರಿನ ಹಿಂದಿನ ತೊಲೆ, ಮುಂದಿನ ಗಾಜು, ಎಬಿಎಸ್, ಇವಕ್ಕೆ ಕೈ ಹಾಕುವಂತಿಲ್ಲ. ಬದಲಿಗೆ ಕೇಜು 35–40 ಕೆಜಿ, 2 ಕೆಜಿ ಪುಡಿಯ ಅಗ್ನಿಶಾಮಕ ಮತ್ತು ಅದರ ಲೋಹದ ಹಿಡಿಕೆ ಸೇರುತ್ತವೆ. ಕೇಜಿರುವ ಕಾರನ್ನು ಹೆಲ್ಮೆಟ್ ಇಲ್ಲದೆ ಓಡಿಸಿದರೆ ತಲೆಗೆ ಪೈಪೇ ಶತ್ರು.

ಹಗುರಾದ ಮೇಲೆ

ಇಳಿದ ತೂಕದಲ್ಲಿ ಹೆಚ್ಚು ಪಾಲು ಹಿಂದಿನದು. ಹಿಂಭಾಗ ಮೇಲೇಳುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ, ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಬೇಗ ಹಗುರಾಗಿ ಎಬಿಎಸ್ ಮುಂಚೆಯೇ ಎಚ್ಚರಗೊಳ್ಳುತ್ತದೆ. ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ (ಕಾಯಿಲ್‌ಓವರ್) ಇದ್ದರೆ ಕಾರನ್ನು ಚಕ್ರಕ್ಕೊಂದರಂತೆ ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿ. ಟೈರಿನ ಗಾಳಿ ಸರಿಮಾಡಿ, ಅರ್ಧ ಟ್ಯಾಂಕು ಪೆಟ್ರೋಲು ಹಾಕಿ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿರೋಲ್ ಬಾರಿನ ಒಂದು ಲಿಂಕು ಕಳಚಿ, ಚಾಲಕನ ತೂಕದ ಮರಳಿನ ಚೀಲವನ್ನು ಸೀಟಿನಲ್ಲಿ ಕೂರಿಸಿ. ಮುಂದಿನ ಬಲ ಮತ್ತು ಹಿಂದಿನ ಎಡ ಚಕ್ರಗಳ ತೂಕ ಕೂಡಿದರೆ ಒಟ್ಟಿನ ಅರ್ಧ ಬರಬೇಕು. ಒಂದು ಮೂಲೆಯ ಸ್ಪ್ರಿಂಗಿನ ತಟ್ಟೆ ಏರಿಸಿದರೆ ಆ ಮೂಲೆ ಮತ್ತು ಅದರ ಕರ್ಣದ ಮೂಲೆ ಎರಡೂ ಭಾರವಾಗುತ್ತವೆ. ಬಲಗಡೆ ಸ್ಟಿಯರಿಂಗಿನ ಕಾರಿನಲ್ಲಿ ಚಾಲಕ, ಬ್ಯಾಟರಿ ಎರಡೂ ಬಲಕ್ಕೇ ಇರುವುದರಿಂದ ಹಗುರಾದ ಹೊಸ ಬ್ಯಾಟರಿಯನ್ನು ಎಡಕ್ಕೆ ದಾಟಿಸಿದರೆ ಎಡಬಲದ ತೂಕ ಸಮಕ್ಕೆ ಹತ್ತಿರವಾಗುತ್ತದೆ.

ಮೊದಲ ಸೆಷನ್ ಹತ್ತು ನಿಮಿಷಕ್ಕೆ ಮುಗಿಸಿ ಪಿಟ್ಟಿಗೆ ಬನ್ನಿ. ಚಕ್ರದ ಬೋಲ್ಟುಗಳನ್ನು 120 ನ್ಯೂಟನ್ ಮೀಟರಿಗೆ ಮತ್ತೆ ಬಿಗಿದು, ಸೀಟಿನ, ಹಾರ್ನೆಸ್ಸಿನ ಬೋಲ್ಟುಗಳನ್ನು ಕೈಯಿಂದ ಅಲುಗಿಸಿ ನೋಡಿ. ಹಿಂದಿನ ಗೋಡೆಯ ರಿವೆಟ್ಟಿನ ಸುತ್ತ ಬೂದಿ ಬಣ್ಣದ ಪುಡಿ ಕಂಡರೆ ತಗಡು ಅಲ್ಲಾಡುತ್ತಿದೆ ಎಂದರ್ಥ. ಅಲ್ಲಿ ಒಂದಳತೆ ದೊಡ್ಡ ರಿವೆಟ್ ಹೊಡೆದು ಮತ್ತೆ ಹೊರಡಿ.