ಡಯಾಲಿಸಿಸ್‌ನ ನಾಲ್ಕು ಗಂಟೆ: ಹೃದಯದ ಮೇಲೆ ಕಣ್ಣಿಡುವುದು ಹೇಗೆ?

ಕಾಸರಗೋಡಿನ ಪೆರ್ಲ ಕಡೆಯಿಂದ ನಮ್ಮ ಯೂನಿಟ್‌ಗೆ ಬರುವ ಅಜ್ಜರೊಬ್ಬರಿಗೆ ಮಾತೆಂದರೆ ಮಾತು. ಸೂಜಿ ಚುಚ್ಚುವಾಗಲೂ ಅಡಿಕೆ ಧಾರಣೆ, ಕೊಳೆರೋಗ, ಮೊಮ್ಮಗಳ ಪರೀಕ್ಷೆ ಅಂತ ಹೇಳುತ್ತಲೇ ಇರುತ್ತಾರೆ. ಒಂದು ದಿನ ಮೂರನೇ ಗಂಟೆಯಲ್ಲಿ ಅವರು ಸುಮ್ಮನಾದರು. ಎರಡು ಸಲ ಆಕಳಿಸಿದರು. ಸ್ಕ್ರೀನಿನಲ್ಲಿ ಹದಿನೈದು ನಿಮಿಷ ಹಿಂದಿನ ಬಿಪಿ 130 ಅಂತಲೇ ಇತ್ತು. "ಅಜ್ಜ, ಹೇಗಾಗ್ತದೆ?" ಎಂದು ಕೇಳಿದೆ. "ಎಂತ ಇಲ್ಲ ಮಗಾ" ಎಂದರು. ಮತ್ತೊಮ್ಮೆ ಬಿಪಿ ನೋಡಿದೆ. 84!

ನಾನು ಡಯಾಲಿಸಿಸ್ ನರ್ಸ್. ಜೊತೆಗೆ ಬರುವ ಮನೆಯವರಿಗೆ ನಾನು ಮೊದಲ ದಿನವೇ ಈ ಅಜ್ಜನ ಕಥೆ ಹೇಳುತ್ತೇನೆ. ಬಿಪಿ ಬಿದ್ದದ್ದು ಯಂತ್ರಕ್ಕಿಂತ ಮೊದಲು ಮುಖದಲ್ಲಿ ಕಾಣುತ್ತದೆ. ಆ ಮುಖವನ್ನು ನಮಗಿಂತ ಚೆನ್ನಾಗಿ ಬಲ್ಲವರು ನೀವು. ಅದಕ್ಕೇ ಈ ಲೇಖನ ರೋಗಿಗಿಂತ ಜಾಸ್ತಿ ಪಕ್ಕದಲ್ಲಿ ಕೂರುವವರಿಗೆ.

ಬಿಪಿ ಯಾಕೆ ಬೀಳುತ್ತದೆ?

ನಮ್ಮ ಬದಿಯಡ್ಕ, ಬಾಯಾರು ಕಡೆಯ ತೋಟಗಳಲ್ಲಿ ಸುರಂಗದ ನೀರು ನೋಡಿದ್ದೀರಲ್ವಾ? ಗುಡ್ಡದೊಳಗಿಂದ ಸಣ್ಣಗೆ ಹರಿದು ಟ್ಯಾಂಕಿಗೆ ಬೀಳುತ್ತದೆ. ಪಂಪು ಅದಕ್ಕಿಂತ ಜೋರಾಗಿ ಎಳೆದರೆ ಟ್ಯಾಂಕಿ ಬರಿದಾಗುತ್ತದೆ, ಗುಡ್ಡದೊಳಗೆ ಎಷ್ಟೇ ನೀರಿರಲಿ. ಡಯಾಲಿಸಿಸ್‌ನಲ್ಲಿ ಆಗುವುದೂ ಇದೇ. ಮೆಷಿನ್ ನೀರು ತೆಗೆಯುವುದು ರಕ್ತದಿಂದ. ಕಾಲಿನ ಬಾವು, ಹೊಟ್ಟೆ, ಶ್ವಾಸಕೋಶದಲ್ಲಿ ನಿಂತ ನೀರು ನಿಧಾನವಾಗಿ ರಕ್ತಕ್ಕೆ ಬರಬೇಕು. ತೆಗೆಯುವ ವೇಗ ಜಾಸ್ತಿಯಾದರೆ ರಕ್ತನಾಳದೊಳಗೆ ರಕ್ತ ಕಡಿಮೆಯಾಗುತ್ತದೆ. ಹೃದಯ ಬೇಗ ಬೇಗ ಬಡಿದು, ರಕ್ತನಾಳಗಳು ಬಿಗಿದುಕೊಂಡು ಸ್ವಲ್ಪ ಹೊತ್ತು ಸುಧಾರಿಸುತ್ತವೆ. ಅದೂ ಸಾಕಾಗದಾಗ ಬಿಪಿ ಬೀಳುತ್ತದೆ. ಕಾಲು ಊದಿಕೊಂಡೇ ಇದ್ದರೂ ಬಿಪಿ ಬೀಳುವುದು ಹೀಗೆ.

ಹಂತ 1: ಮನೆಯಲ್ಲಿ ತೂಕ

ಹೃದಯವನ್ನು ನೋಡಿಕೊಳ್ಳುವ ಕೆಲಸ ಆಸ್ಪತ್ರೆಯಲ್ಲಿ ಅಲ್ಲ, ಮನೆಯ ತೂಕದ ಯಂತ್ರದ ಮೇಲೆ ಶುರುವಾಗುತ್ತದೆ. ದಿನಾ ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ಯಂತ್ರದಲ್ಲಿ ನೋಡಿ. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕಕ್ಕೆ ಡ್ರೈ ವೇಟ್ ಎನ್ನುತ್ತಾರೆ. ಅದನ್ನು ಡಾಕ್ಟರ್ ಗೊತ್ತು ಮಾಡುತ್ತಾರೆ. ಅದಕ್ಕಿಂತ ಎಷ್ಟು ಏರಿದೆ ಎಂಬುದೇ ನಮಗೆ ಬೇಕಾದ ಲೆಕ್ಕ.

ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ 13 ಮಿಲಿಲೀಟರ್‌ಗಿಂತ ಹೆಚ್ಚು ನೀರು ತೆಗೆಯುವುದು ಹೃದಯಕ್ಕೆ ಒಳ್ಳೆಯದಲ್ಲ. 60 ಕಿಲೋದವರಿಗೆ ಗಂಟೆಗೆ 780 ಮಿಲಿ, ನಾಲ್ಕು ಗಂಟೆಗೆ 3 ಲೀಟರ್‌ಗೆ ಸ್ವಲ್ಪ ಮೇಲೆ. ಅದು ಕೊನೆಯ ಗೆರೆ. ಏರಿಕೆ ಎರಡು, ಎರಡೂವರೆ ಕಿಲೋದೊಳಗೆ ಇದ್ದರೆ ಆರಾಮ. ನಾಲ್ಕೂವರೆ ಕಿಲೋ ಏರಿಸಿಕೊಂಡು ಬಂದು "ಇವತ್ತೇ ಎಲ್ಲ ತೆಗೀರಿ ಸಿಸ್ಟರ್" ಎನ್ನುವವರಿದ್ದಾರೆ. ಅವರ ಕಷ್ಟ ನನಗೆ ಗೊತ್ತು, ಬಸ್ಸು ಹಿಡಿದು ಇನ್ನೊಂದು ದಿನ ಬರುವುದು ಸುಲಭವಲ್ಲ. ಆದರೂ ಒಪ್ಪಲಾಗುವುದಿಲ್ಲ. ಬಿಪಿ ಮತ್ತೆ ಮತ್ತೆ ಬಿದ್ದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ, ಅದು ವರ್ಷ ಕಳೆದಂತೆ ಸೋಲುತ್ತದೆ.

ನೀರು ಕಡಿಮೆ ಕುಡಿಯಿರಿ ಎಂದರೆ ಸಾಲದು, ಉಪ್ಪು ಕಡಿಮೆ ಮಾಡಬೇಕು. ಸುಮಾರು 8 ಗ್ರಾಂ ಉಪ್ಪು ಮೈಯಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ತಿಂದವರಿಗೆ ಬಾಯಾರಿಕೆ ತಡೆಯುವುದೂ ಆಗುವುದಿಲ್ಲ. ಗಂಜಿಯ ಜೊತೆಗಿನ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಮಳೆಗಾಲದ ಉಪ್ಪುಸೊಳೆ, ಇವೇ ನಮ್ಮ ಊರಿನ ಮುಖ್ಯ ತೊಂದರೆ.

ಇನ್ನೊಂದು ಪೊಟ್ಯಾಸಿಯಂ. ಇದು ರಕ್ತದಲ್ಲಿ 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಎರಡು ಡಯಾಲಿಸಿಸ್ ನಡುವಿನ ದೊಡ್ಡ ಬಿಡುವು ಅದಕ್ಕೇ ಅಪಾಯದ್ದು. ಎಳನೀರು, ಹಲಸು, ನೇಂದ್ರ ಬಾಳೆಯಲ್ಲಿ ಇದು ಜಾಸ್ತಿ. ಎಳನೀರು ತಂಪು, ಒಳ್ಳೆಯದು ಅಂತ ಪ್ರೀತಿಯಿಂದ ಕೊಡುವವರಿಗೆ ಕೈ ಮುಗಿದು ಹೇಳುತ್ತೇನೆ, ಇವರಿಗೆ ಬೇಡ. ದಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಮುಟ್ಟಲೇಬಾರದು. ಅದರಲ್ಲಿರುವ ವಿಷ ಕಿಡ್ನಿ ಕೆಟ್ಟವರ ಮಿದುಳಿಗೆ ಹೋಗಿ, ಬಿಡದ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ತರುತ್ತದೆ. ಜೀವ ಹೋದದ್ದೂ ಇದೆ.

ಹಂತ 2: ಮಾತ್ರೆ

ಡಯಾಲಿಸಿಸ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂದು ಡಾಕ್ಟರಲ್ಲಿ ಕೇಳಿ ಬರೆಸಿಕೊಳ್ಳಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಸ್ವಂತ ಬುದ್ಧಿಯಿಂದ ಬಿಡಬೇಡಿ.

ಹಂತ 3: ಸೂಜಿ ಹಾಕುವ ಮುನ್ನ

ಕುಳಿತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಬೇಕು. ನಿಂತಾಗ ತುಂಬ ಇಳಿದರೆ ಆ ದಿನ ನಾವು ಜಾಗ್ರತೆ. ಬಿಪಿ ಪಟ್ಟಿ ಕಟ್ಟುವುದು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇಲ್ಲದ ಕೈಗೆ ಮಾತ್ರ. ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಬಡಿತದ ಸಂಖ್ಯೆ ಮಾತ್ರವಲ್ಲ, ನಡುವೆ ತಪ್ಪುತ್ತದೆಯೇ ಎಂದೂ ನೋಡಿ. ರಾತ್ರಿ ದಿಂಬು ಏರಿಸಿ ಮಲಗಿದರೇ, ಮೆಟ್ಟಿಲಿಗೆ ಏದುಸಿರು ಬಂತೇ, ಎದೆ ಹಿಡಿದಂತಾಯಿತೇ, ಜ್ವರ ಅಥವಾ ಭೇದಿ ಇತ್ತೇ, ಎಲ್ಲ ಈಗಲೇ ಹೇಳಿಬಿಡಿ.

ಹಂತ 4: ಸ್ಕ್ರೀನ್ ಓದುವುದು

ಇಲ್ಲಿ ತುಂಬ ಜನ ಸುಮ್ನೆ ಹೆದರುತ್ತಾರೆ. ಸ್ಕ್ರೀನಿನಲ್ಲಿ ವೀನಸ್ ಪ್ರೆಶರ್ 160, ಆರ್ಟೀರಿಯಲ್ ಪ್ರೆಶರ್ ಮೈನಸ್ 150 ಅಂತ ಕಂಡರೆ ಅದು ಅಪ್ಪನ ಬಿಪಿ ಅಲ್ಲ, ಪೈಪಿನೊಳಗಿನ ಒತ್ತಡ. ಬಿಪಿ ಬೇರೆ ಜಾಗದಲ್ಲಿ ಇರುತ್ತದೆ, ಎಲ್ಲಿ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಅದರ ಪಕ್ಕ ಅದನ್ನು ನೋಡಿದ ಸಮಯವೂ ಇರುತ್ತದೆ. ಸಮಯ ನೋಡದೆ ಬಿಪಿ ನಂಬಬೇಡಿ. ನೀರು ತೆಗೆಯುವ ವೇಗ ಯುಎಫ್ ರೇಟ್ ಎಂದು ಕಾಣುತ್ತದೆ. ಕೆಲವು ಮೆಷಿನ್‌ಗಳಲ್ಲಿ ರಕ್ತದ ಪ್ರಮಾಣ ಎಷ್ಟು ಶೇಕಡಾ ಇಳಿಯಿತು ಎಂಬ ಗೆರೆಯೂ ಇರುತ್ತದೆ. ಗೆರೆ ಕಡಿದಾಗಿ ಇಳಿದರೆ ಟ್ಯಾಂಕಿ ಬರಿದಾಗುತ್ತಿದೆ ಎಂದರ್ಥ.

ಹಂತ 5: ಅರ್ಧ ಗಂಟೆಗೊಮ್ಮೆ ಬಿಪಿ, ನಡುವೆ ನಿಮ್ಮ ಕಣ್ಣು

ಬಿಪಿ, ನಾಡಿ ಅರ್ಧ ಗಂಟೆಗೊಮ್ಮೆ ನೋಡುವುದು ವಾಡಿಕೆ. ಹೃದಯ ದುರ್ಬಲ ಇರುವವರಿಗೆ ಕಾಲು ಗಂಟೆಗೊಮ್ಮೆ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದು ಜೊತೆಗೆ ಸುಸ್ತು, ಸಂಕಟ ಬಂದರೆ, ಇಲ್ಲವೇ 90ಕ್ಕಿಂತ ಕೆಳಗೆ ಹೋದರೆ ಬಿಪಿ ಬಿತ್ತು ಎಂದು ಲೆಕ್ಕ.

ಅದಕ್ಕೂ ಮೊದಲು ಕಾಣುವುದು ಇವು: ಆಕಳಿಕೆ, ನಿಟ್ಟುಸಿರು, ಹಣೆಯಲ್ಲಿ ತಣ್ಣಗಿನ ಬೆವರು, ಹೊಟ್ಟೆ ತೊಳಸುವುದು, ಕಣ್ಣು ಮಂಜಾಗುವುದು, ಮೀನಖಂಡ ಹಿಡಿದುಕೊಳ್ಳುವುದು. ಸುಮ್ಮನಿರುವವರು ಚಡಪಡಿಸುವುದು. ಮಾತಾಡುವವರು ಸುಮ್ಮನಾಗುವುದು. ಮಲಗಿದ್ದಾರೆ, ನಿದ್ದೆ ಮಾಡಲಿ ಅಂತ ಬಿಡಬೇಡಿ. ಒಮ್ಮೆ ಹೆಸರು ಹಿಡಿದು ಕರೆಯಿರಿ.

ಹಳೆಯ ಸಕ್ಕರೆ ಕಾಯಿಲೆಯವರಲ್ಲಿ, ಬಡಿತ ನಿಧಾನ ಮಾಡುವ ಮಾತ್ರೆ ತಿನ್ನುವವರಲ್ಲಿ ನಾಡಿ ಏರದೆಯೇ ಬಿಪಿ ಬೀಳಬಹುದು. ಸಕ್ಕರೆ ಇರುವವರಿಗೆ ಎದೆನೋವೂ ತಿಳಿಯದೆ ಹೋಗಬಹುದು, ಬರೀ ಬೆವರು, ಸುಸ್ತು. ಇವರ ಪಕ್ಕದಿಂದ ಏಳಬೇಡಿ.

ಮೆಷಿನ್ ಓಡುವಾಗ ಹೊಟ್ಟೆ ತುಂಬ ತಿನ್ನಿಸಬೇಡಿ. ರಕ್ತ ಹೊಟ್ಟೆ ಕಡೆ ಹರಿದು ಬಿಪಿ ಇಳಿಯುತ್ತದೆ. ಚಳಿಯಾಗ್ತದೆ ಎಂದರೆ ಹೊದಿಕೆ ಕೊಡಿ. ಬಿಪಿ ಬೀಳುವವರಿಗೆ ಡಯಾಲಿಸಿಸ್ ದ್ರಾವಣದ ಬಿಸಿಯನ್ನು 37 ಡಿಗ್ರಿಯಿಂದ 36ಕ್ಕೋ 35.5ಕ್ಕೋ ಇಳಿಸುತ್ತೇವೆ. ತಂಪಿಗೆ ರಕ್ತನಾಳ ಬಿಗಿಯಾಗಿ ಬಿಪಿ ನಿಲ್ಲುತ್ತದೆ.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಭಾಷೆಯದೂ ಒಂದು ಹಂತ. ತುಂಬ ಸಿಬ್ಬಂದಿಗೆ ಮಲಯಾಳಂ ಮಾತ್ರ ಬರುತ್ತದೆ. "ಒಂಥರಾ ಆಗ್ತದೆ" ಎಂದರೆ ಅವರಿಗೆ ಅರ್ಥವಾಗದು. ತಲೆ ತಿರುಗುವುದಕ್ಕೆ ತಲಕರಕ್ಕಂ, ಎದೆನೋವಿಗೆ ನೆಂಜುವೇದನ. ಈ ಎರಡನ್ನು ಬಾಯಿಪಾಠ ಮಾಡಿಕೊಳ್ಳಿ.

ಹಂತ 6: ಬಿಪಿ ಬಿದ್ದಾಗ

ಗಟ್ಟಿಯಾಗಿ ಕರೆಯಿರಿ, ಸಂಕೋಚ ಬೇಡ. ರೋಗಿಯನ್ನು ಎಬ್ಬಿಸಿ ಕೂರಿಸಬೇಡಿ. ಕುಡಿಯಲು ಏನೂ ಕೊಡಬೇಡಿ. ನಾವು ನೀರು ತೆಗೆಯುವುದನ್ನು ನಿಲ್ಲಿಸುತ್ತೇವೆ, ತಲೆ ತಗ್ಗಿಸಿ ಕಾಲು ಎತ್ತರಿಸುತ್ತೇವೆ, 100ರಿಂದ 200 ಮಿಲಿ ಸಲೈನ್ ಬಿಡುತ್ತೇವೆ. ಎದೆನೋವಿದ್ದರೆ, ಬಡಿತ ತಪ್ಪಿದರೆ ಇಸಿಜಿ. ಅಜ್ಜನಿಗೂ ಇಷ್ಟೇ ಮಾಡಿದ್ದು. ಹತ್ತು ನಿಮಿಷದಲ್ಲಿ ಅಡಿಕೆ ಧಾರಣೆ ಮತ್ತೆ ಶುರುವಾಯಿತು.

ಕೆಲವರಿಗೆ ಡಯಾಲಿಸಿಸ್ ಮುಗಿಯುತ್ತಾ ಬಂದಂತೆ ಬಿಪಿ ಏರುತ್ತದೆ. ಪ್ರತಿ ಸಲ ಹೀಗಾದರೆ ಹೆಚ್ಚಾಗಿ ಮೈಯಲ್ಲಿ ಇನ್ನೂ ನೀರಿದೆ ಎಂದು ಅರ್ಥ. ಡ್ರೈ ವೇಟ್ ಮತ್ತೆ ನೋಡಬೇಕಾ ಎಂದು ಡಾಕ್ಟರಲ್ಲಿ ಕೇಳಿ.

ಹಂತ 7: ಮನೆ ದಾರಿ ಮತ್ತು ಪುಸ್ತಕ

ಮುಗಿದ ತಕ್ಷಣ ಇಳಿಸಬೇಡಿ. ಐದು ನಿಮಿಷ ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೂರಲಿ, ಆಮೇಲೆ ನಿಲ್ಲಲಿ, ನಿಂತಾಗಿನ ಬಿಪಿ ನೋಡಿಸಿ. ತಲೆ ತಿರುಗಿದರೆ ಬಸ್ಸು ತಪ್ಪಿದರೂ ಪರವಾಗಿಲ್ಲ, ಕಾಯಿರಿ.

ಒಂದು ನೋಟ್‌ಬುಕ್ ಇಡಿ. ಬಂದ ತೂಕ, ಹೋದ ತೂಕ, ಮೊದಲ ಬಿಪಿ, ಅತಿ ಕಡಿಮೆ ಬಿಪಿ, ಅದು ಎಷ್ಟನೇ ಗಂಟೆಯಲ್ಲಿ, ಏನು ಮಾಡಿದರು, ಇಷ್ಟು ಸಾಕು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗುತ್ತಿದ್ದ ನಮ್ಮ ಕಡೆಯ ರೋಗಿಗಳು ದಿಕ್ಕು ತೋಚದೆ ನಿಂತಿದ್ದರು. ಹೊಸ ಜಾಗದಲ್ಲಿ ಮಂಚ ಸಿಕ್ಕಿದರೂ ಅಲ್ಲಿಯವರಿಗೆ ಇವರ ಡ್ರೈ ವೇಟ್ ಗೊತ್ತಿರುವುದಿಲ್ಲ. ಪುಸ್ತಕ ಕೈಯಲ್ಲಿದ್ದರೆ ಮೊದಲ ದಿನವೇ ಲೆಕ್ಕ ಸಿಗುತ್ತದೆ.

ಬಿಪಿ ತುಂಬ ಬಿದ್ದ ದಿನ ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿ. ಬೆಕ್ಕು ಗುರುಗುಟ್ಟಿದಂತೆ ಜುಂ ಎನ್ನುತ್ತಿರಬೇಕು. ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಆಗಲೇ ಫೋನ್ ಮಾಡಿ, ಹೊರಡಿ.