ಎಸ್‌ಆರ್-22 ಇದ್ದವರು ಬೇರೆ ರಾಜ್ಯಕ್ಕೆ ಮನೆ ಬದಲಿಸುವ ಮುಂಚೆ

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಸಲಹೆ. ಕುಡಿದು ಓಡಿಸಿದ್ದಕ್ಕೋ, ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದದ್ದಕ್ಕೋ ಎಸ್‌ಆರ್-22 ಬಿದ್ದಿದ್ದರೆ, ರಾಜ್ಯ ಬಿಟ್ಟ ಮಾತ್ರಕ್ಕೆ ಅದು ಮುಗಿಯಿತು ಅಂದುಕೊಳ್ಳಬೇಡಿ. ಅದು ಪಾಲಿಸಿ ಅಲ್ಲ, ನಿಮಗೆ ಇನ್ಶೂರೆನ್ಸ್ ಇದೆ ಅಂತ ಕಂಪನಿಯೇ ಸರ್ಕಾರಕ್ಕೆ ಕೊಡುವ ಪತ್ರ. ಟೆಕ್ಸಾಸ್‌ನಲ್ಲಿ 2 ವರ್ಷ, ಬಹಳ ಕಡೆ 3 ವರ್ಷ ಇಡಬೇಕು. ಪೆನ್ಸಿಲ್ವೇನಿಯಾ ಎಸ್‌ಆರ್-22 ಕೇಳುವುದಿಲ್ಲ, ನಿಜ, ಆದರೆ ಹಳೆ ರಾಜ್ಯ ಕೇಳುತ್ತದೆ ಅಲ್ವಾ?

ಹಳೆ ಪಾಲಿಸಿಯನ್ನು ಸುಮ್ನೆ ರದ್ದು ಮಾಡಲೇಬೇಡಿ. ಇನ್ಶೂರೆನ್ಸ್ ನಿಂತಿದೆ ಅಂತ ಕಂಪನಿ ಸರ್ಕಾರಕ್ಕೆ ಎಸ್‌ಆರ್-26 ಅನ್ನುವ ಪತ್ರ ಕಳಿಸುತ್ತದೆ, ಲೈಸೆನ್ಸ್ ಅಮಾನತಾಗಬಹುದು. ಹೊಸ ಊರಲ್ಲಿ ಪಾಲಿಸಿ ಕೊಟ್ಟು, ಹಳೆ ರಾಜ್ಯಕ್ಕೂ ಪತ್ರ ಸಲ್ಲಿಸುವ ಕಂಪನಿಯನ್ನು ಮೊದಲು ಹುಡುಕಿ. ಪತ್ರ ತಲುಪಿದೆಯಾ ಅಂತ ಹಳೆ ರಾಜ್ಯದ ಡಿಎಂವಿಗೆ (ಲೈಸೆನ್ಸ್, ವಾಹನ ನೋಡಿಕೊಳ್ಳುವ ಇಲಾಖೆ) ನೀವೇ ಫೋನ್ ಮಾಡಿ ಕೇಳಿ, ಆಮೇಲೆ ಹಳೆಯದನ್ನು ಬಿಡಿ. ಕಾರು ಮಾರಿದ್ದರೆ, ಸ್ವಂತ ಕಾರಿಲ್ಲದವರಿಗೆ ಕೊಡುವ ನಾನ್-ಓನರ್ ಪಾಲಿಸಿ ಸಿಗುತ್ತದೆ.